ಗೋರಾಯಿ ಖಾಡಿಯಾಚೆ ಬುದ್ಧ ಪೂರ್ಣಿಮೆ: ಪಗೋಡದ ಮೌನದ ನಡುವೆ ಕೇಳಿಸಿದ ಕನ್ನಡ

ಮುಂಬಯಿ: ಮೇ ತಿಂಗಳಲ್ಲಿ ಬೆಳಿಗ್ಗೆ ಎಂಟೂವರೆಗೇ ಮೈ ಬೆವರುತ್ತದೆ. ಬೊರಿವಲಿ ಪಶ್ಚಿಮದ ಗೋರಾಯಿ ಜೆಟ್ಟಿಯಲ್ಲಿ ಅಷ್ಟು ಹೊತ್ತಿಗೆ ಲಾಂಚಿಗಾಗಿ ಕಾದು ನಿಂತವರ ಸಾಲು ರಸ್ತೆಯವರೆಗೆ ಬೆಳೆದಿತ್ತು. ಹೆಚ್ಚಿನವರದು ಬಿಳಿ ಉಡುಪು, ಕೈಯಲ್ಲಿ ನೀರಿನ ಬಾಟಲಿ, ಕೆಲವರ ಬಗಲಲ್ಲಿ ಕೂರಲು ಒಂದು ಸಣ್ಣ ದಿಂಬು. ಒಂದು ಕಾಲಕ್ಕೆ ಎಸ್ಸೆಲ್‌ವರ್ಲ್ಡ್‌ಗೆ ಹೊರಟ ಶಾಲಾ ಮಕ್ಕಳ ಕೇಕೆಯಿಂದ ತುಂಬಿರುತ್ತಿದ್ದ ಈ ಖಾಡಿಯ ಲಾಂಚಿನಲ್ಲಿ ಅಂದು ದೊಡ್ಡ ಸದ್ದೇನೂ ಇರಲಿಲ್ಲ. 2025ರಲ್ಲಿ ವೈಶಾಖ ಹುಣ್ಣಿಮೆ ಮೇ 12ರ ಸೋಮವಾರ ಬಿದ್ದಿತ್ತು. ಅದರ ಮುನ್ನಾದಿನದ ಭಾನುವಾರ, ಬುದ್ಧ ಪೂರ್ಣಿಮೆಯ ನಿಮಿತ್ತ ಖಾಡಿಯಾಚೆಯ ಗ್ಲೋಬಲ್ ವಿಪಶ್ಯನಾ ಪಗೋಡದಲ್ಲಿ ನಡೆಯುವ ಒಂದು ದಿನದ ಧ್ಯಾನ ಶಿಬಿರಕ್ಕೆ ಹೊರಟವರು ಇವರೆಲ್ಲ.

ಆ ಸಾಲಿನಲ್ಲಿ ಉಡುಪಿ ಕಡೆಯ ದಂಪತಿಯೊಬ್ಬರಿದ್ದರು. ಪತಿ ಬ್ಯಾಂಕಿನಿಂದ ನಿವೃತ್ತರು. ಉಪನಗರದ ಕನ್ನಡ ಸಂಘವೊಂದರ ಕೋಶಾಧಿಕಾರಿಯಾಗಿ ಎರಡು ಅವಧಿ ದುಡಿದವರು. ಪತ್ನಿ ಅದೇ ಸಂಘದ ಮಹಿಳಾ ವಿಭಾಗದ ಭಜನೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುವವರು. ಆರು ವರ್ಷಗಳಿಂದ ಇಬ್ಬರೂ ಈ ದಿನಕ್ಕೆ ಬರುತ್ತಾರೆ. ಆದರೆ ಗುಮ್ಮಟದ ಒಳಗೆ ಹೋಗುವುದು ಪತ್ನಿ ಮಾತ್ರ. ಪತಿ ಹೊರಗೆ ನೆರಳು ಹುಡುಕಿ ಕೂರುತ್ತಾರೆ. ಕಾರಣ ಸರಳ. ಹತ್ತು ದಿನಗಳ ವಿಪಶ್ಯನಾ ಶಿಬಿರವನ್ನು ಒಮ್ಮೆಯಾದರೂ ಪೂರ್ತಿ ಮುಗಿಸಿದವರಿಗಷ್ಟೇ ಒಂದು ದಿನದ ಶಿಬಿರದಲ್ಲಿ ಪ್ರವೇಶ. ಪತ್ನಿ ಮುಗಿಸಿದ್ದಾರೆ, ಪತಿ ಮುಗಿಸಿಲ್ಲ.

"ಹತ್ತು ದಿನ ಪೇಪರ್ ಇಲ್ಲ, ಫೋನ್ ಇಲ್ಲ, ಮಾತಿಲ್ಲ, ಮೀನೂ ಇಲ್ಲ. ನಮ್ಮಂಥವರಿಗೆ ಅದು ಆಗುವ ಕೆಲಸವಾ ಮಾರಾಯ್ರೆ?" ಎಂದು ಅವರು ಲಾಂಚಿನಲ್ಲಿ ಪಕ್ಕದವರಿಗೆ ಹೇಳಿ ನಕ್ಕರು. ಪತ್ನಿ ನಗಲಿಲ್ಲ, ನೀರು ನೋಡುತ್ತಿದ್ದರು.

ಪತ್ನಿಯನ್ನು ಈ ಹಾದಿಗೆ ತಂದದ್ದು ಒಂದು ಸಾವು. ಹಿರಿಯ ಮಗ ಇಪ್ಪತ್ತಾರರ ಪ್ರಾಯದಲ್ಲಿ ಕಚೇರಿಗೆ ಹೋಗುವ ಹೊತ್ತಿನ ಲೋಕಲ್ ರೈಲಿನ ಬಾಗಿಲಿನಿಂದ ಬಿದ್ದು ತೀರಿಕೊಂಡ. ಮುಂಬಯಿಯ ಎಷ್ಟೋ ಮನೆಗಳು ಕಂಡ ದುಃಖವಿದು, ಬಿಡಿಸಿ ಹೇಳಬೇಕಾಗಿಲ್ಲ. ಮುಂದಿನ ಎರಡು ವರ್ಷ ಆ ತಾಯಿ ರೈಲು ಹತ್ತಲಿಲ್ಲ, ನಿಲ್ದಾಣದ ಕಡೆಗೆ ಮುಖವನ್ನೂ ಹಾಕಲಿಲ್ಲ. ಊರಿಗೆ ಹೋಗಿ ಮಾಡಿಸಬೇಕಾದ ವಿಧಿಗಳನ್ನೆಲ್ಲ ಮಾಡಿಸಿದ್ದಾಯಿತು, ಹರಕೆ ತೀರಿಸಿದ್ದಾಯಿತು, ಡಾಕ್ಟರರ ಮಾತ್ರೆಯೂ ಆಯಿತು. ಕೊನೆಗೆ ಅದೇ ಕಟ್ಟಡದ ಮರಾಠಿ ನೆರೆಮನೆಯಾಕೆ "ಮಾಝ್ಯಾಬರೋಬರ್ ಚಲಾ" ಎಂದು ಇಗತಪುರಿಗೆ ಕರೆದುಕೊಂಡು ಹೋದರು.

ಗೋಯೆಂಕಾ ಎಂಬ ವ್ಯಾಪಾರಿ

ಇಗತಪುರಿಯ ಧಮ್ಮಗಿರಿ ಮತ್ತು ಗೋರಾಯಿಯ ಪಗೋಡ, ಎರಡರ ಹಿಂದೆಯೂ ಇರುವವರು ಸತ್ಯನಾರಾಯಣ ಗೋಯೆಂಕಾ. ಹೊರನಾಡಿನಲ್ಲಿ ಬದುಕು ಕಟ್ಟಿಕೊಂಡ ನಮ್ಮವರಿಗೆ ಅವರ ಕಥೆ ತೀರಾ ಅಪರಿಚಿತ ಎನಿಸಲಾರದು. 1924ರಲ್ಲಿ ಬರ್ಮಾದ ಮಾಂಡಲೆಯಲ್ಲಿ ನೆಲೆಸಿದ್ದ ಮಾರವಾಡಿ ಕುಟುಂಬದಲ್ಲಿ ಹುಟ್ಟಿದವರು. ವ್ಯಾಪಾರ, ಉದ್ಯಮ, ಜೊತೆಗೆ ರಂಗೂನಿನ ಭಾರತೀಯ ಸಮಾಜದ ಸಂಘ-ಸಂಸ್ಥೆಗಳ ಮುಂದಾಳುತನ. ನಮ್ಮ ಸಂಘಗಳ ಪದಾಧಿಕಾರಿಗಳ ಹಾಗೆಯೇ ಓಡಾಟದ ಮನುಷ್ಯ. ವಿಪರೀತ ಅರೆತಲೆನೋವು ಅವರನ್ನು ಕಾಡುತ್ತಿತ್ತು. ಔಷಧಿಗಳೊಂದೂ ನಾಟದಿದ್ದಾಗ 1955ರಲ್ಲಿ ಸಯಾಜಿ ಊ ಬಾ ಖಿನ್ ಅವರ ಬಳಿಗೆ ಹೋದರು. ಈ ಊ ಬಾ ಖಿನ್ ಕಾವಿ ಉಟ್ಟವರಲ್ಲ. ಸ್ವತಂತ್ರ ಬರ್ಮಾ ಸರಕಾರದ ಅಕೌಂಟೆಂಟ್ ಜನರಲ್ ಆಗಿದ್ದ ಗೃಹಸ್ಥ. ತಲೆನೋವು ಗುಣವಾಗಲೆಂದು ಬರುವುದಾದರೆ ಬರಬೇಡಿ ಎಂದು ಅವರು ಮೊದಲು ಹಿಂದಕ್ಕೆ ಕಳುಹಿಸಿದ್ದರು. ಗೋಯೆಂಕಾ ಅವರಿಗೂ ಒಳಗೊಳಗೆ ಅಳುಕಿತ್ತು. ಕಟ್ಟಾ ಸನಾತನ ಮನೆತನದವರು, ಬೌದ್ಧರ ಧ್ಯಾನಕ್ಕೆ ಹೋದರೆ ತಮ್ಮ ಧರ್ಮ ಬಿಟ್ಟ ಹಾಗಾಗುವುದಿಲ್ಲವೇ ಎಂಬ ಅಳುಕು.

ಹದಿನಾಲ್ಕು ವರ್ಷ ಗುರುವಿನ ಬಳಿ ಅಭ್ಯಾಸ ಮಾಡಿ 1969ರಲ್ಲಿ ಭಾರತಕ್ಕೆ ಬಂದರು. ಅದೇ ವರ್ಷದ ಜುಲೈಯಲ್ಲಿ ಮುಂಬಯಿಯ ಒಂದು ಧರ್ಮಶಾಲೆಯಲ್ಲಿ ಮೊದಲ ಶಿಬಿರ ನಡೆಯಿತು. ಕೂತವರು ಹದಿನಾಲ್ಕು ಜನ; ಅವರಲ್ಲಿ ಅವರ ತಂದೆ-ತಾಯಿಯೂ ಇದ್ದರು. 1976ರಲ್ಲಿ ಇಗತಪುರಿಯ ಕೇಂದ್ರ ಆರಂಭವಾಯಿತು. 1994ರಲ್ಲಿ ದಿಲ್ಲಿಯ ತಿಹಾರ್ ಜೈಲಿನಲ್ಲಿ ಒಂದೇ ಶಿಬಿರದಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಕೂತರು. 2012ರಲ್ಲಿ ಪದ್ಮಭೂಷಣ ಬಂತು, 2013ರ ಸೆಪ್ಟೆಂಬರ್ 29ರಂದು ಮುಂಬಯಿಯಲ್ಲೇ ಅವರು ನಿಧನರಾದರು. ಇಂದಿಗೂ ಶಿಬಿರಗಳಲ್ಲಿ ಕೇಳಿಸುವುದು ಅವರದೇ ಧ್ವನಿಮುದ್ರಿತ ಸೂಚನೆ. ಸಾಯಂಕಾಲದ ಪ್ರವಚನಗಳ ಕನ್ನಡ ಅನುವಾದವೂ ಲಭ್ಯವಿದೆ ಎಂಬುದು ನಮ್ಮವರಲ್ಲಿ ಅನೇಕರಿಗೆ ಗೊತ್ತಿಲ್ಲ.

ಹತ್ತು ದಿನ ಎಂದರೆ ಏನು? ಬೆಳಗಿನ ಜಾವ 4ಕ್ಕೆ ಗಂಟೆ ಬಾರಿಸುತ್ತಾರೆ, ರಾತ್ರಿ 9ರ ಸುಮಾರಿಗೆ ದಿನ ಮುಗಿಯುತ್ತದೆ. ನಡುವೆ ಹತ್ತು ಗಂಟೆಗಳಷ್ಟು ಧ್ಯಾನ. ಬೆಳಿಗ್ಗೆ ಆರೂವರೆಗೆ ಉಪಾಹಾರ, ಹನ್ನೊಂದಕ್ಕೆ ಊಟ, ಸಂಜೆ ಐದಕ್ಕೆ ಹೊಸಬರಿಗೆ ಚಹಾ ಮತ್ತು ಒಂದಿಷ್ಟು ತಿನಿಸು. ರಾತ್ರಿಯೂಟ ಇಲ್ಲ. ಮೊದಲ ಮೂರು ದಿನ ಆನಾಪಾನ, ಅಂದರೆ ಮೂಗಿನ ಬಳಿ ಬಂದು ಹೋಗುವ ಉಸಿರನ್ನು ಸುಮ್ಮನೆ ನೋಡುವುದು. ಜಪವಿಲ್ಲ, ಮೂರ್ತಿಯಿಲ್ಲ, ಎಣಿಕೆಯಿಲ್ಲ. ನಾಲ್ಕನೆಯ ದಿನದಿಂದ ವಿಪಶ್ಯನಾ: ತಲೆಯಿಂದ ಪಾದದವರೆಗೆ ಮೈಯಲ್ಲಿ ಏಳುವ ನೋವು, ತುರಿಕೆ, ಬಿಸಿ, ಕಂಪನಗಳನ್ನು ಬೇಕೆನ್ನದೆ ಬೇಡವೆನ್ನದೆ ಗಮನಿಸುವುದು. ದಿನಕ್ಕೆ ಮೂರು ಸಲ ಒಂದೊಂದು ಗಂಟೆ ಅಲುಗಾಡದೆ ಕೂರುವ ಸಂಕಲ್ಪ ಬೇರೆ. ಹತ್ತನೆಯ ದಿನ ಮೈತ್ರಿ ಭಾವನೆ ಕಲಿಸಿ ಮೌನ ಬಿಡಿಸುತ್ತಾರೆ. ಶುಲ್ಕವಿಲ್ಲ. ಶಿಬಿರ ಮುಗಿಸಿದವರು ಇಚ್ಛೆಯಿದ್ದರೆ ದಾನ ಕೊಡಬಹುದು, ಮುಗಿಸದವರಿಂದ ಹಣ ತೆಗೆದುಕೊಳ್ಳುವುದೇ ಇಲ್ಲ. ಗಂಭೀರ ಮಾನಸಿಕ ಕಾಯಿಲೆ ಇರುವವರು ಬರಬಾರದೆಂದು ಕೇಂದ್ರದವರೇ ಅರ್ಜಿಯ ಹಂತದಲ್ಲಿ ತಿಳಿಸುತ್ತಾರೆ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಎಲ್ಲ ರೋಗಕ್ಕೂ ಇದೇ ಮದ್ದು ಎಂದು ಸಾರುವ ಉತ್ಸಾಹಿಗಳು ನಮ್ಮ ನಡುವೆ ಕಡಿಮೆಯಿಲ್ಲ.

ಆ ತಾಯಿ ನಾಲ್ಕನೆಯ ದಿನ ಓಡಿಹೋಗಬೇಕು ಎಂದುಕೊಂಡಿದ್ದರಂತೆ. ಮಂಡಿಯ ನೋವು ಒಂದು ಕಡೆ. ಕಣ್ಣು ಮುಚ್ಚಿದರೆ ರೈಲಿನ ಸದ್ದು ಇನ್ನೊಂದು ಕಡೆ. ಇಗತಪುರಿ ರೈಲು ಹಾದಿಯ ಊರು ಎಂಬುದನ್ನು ಅವರು ಹೊರಡುವಾಗ ಯೋಚಿಸಿರಲಿಲ್ಲ. ರಾತ್ರಿಯಿಡೀ ಗಾಡಿಗಳು ಕೂಗುತ್ತವೆ. ಏಳನೆಯ ದಿನವೋ ಎಂಟನೆಯ ದಿನವೋ, ಆ ಕೂಗು ಕೇಳಿದಾಗ ಎದೆಯಲ್ಲಿ ಏಳುವ ಬಿಗಿತವನ್ನು ಅವರು ಮೊದಲ ಸಲ ಪೂರ್ತಿ ನೋಡಿದರು. ಬಂತು, ಇತ್ತು, ಸ್ವಲ್ಪ ಇಳಿಯಿತು. "ದುಃಖ ಹೋಯಿತು ಅಂತ ನಾನು ಹೇಳುದಿಲ್ಲ. ಈಗಲೂ ಅಳು ಬರುತ್ತದೆ. ಆದ್ರೆ ರೈಲು ಹತ್ತುತ್ತೇನೆ" ಎಂದಷ್ಟೇ ಅವರು ಹೇಳುವುದು.

ಗೋಲಗುಂಬಜಿನ ದೊಡ್ಡ ತಮ್ಮ

ಲಾಂಚು ದಡ ಮುಟ್ಟುವ ಮೊದಲೇ ಬಂಗಾರದ ಬಣ್ಣದ ಶಿಖರ ಕಾಣಿಸುತ್ತದೆ. ರಂಗೂನಿನ ಶ್ವೇಡಗಾನ್ ಪಗೋಡದ ಮಾದರಿಯಲ್ಲಿ, ವಿದ್ಯೆಯನ್ನು ಉಳಿಸಿಕೊಟ್ಟ ಬರ್ಮಾ ದೇಶಕ್ಕೆ ಕೃತಜ್ಞತೆಯಾಗಿ ಕಟ್ಟಿದ್ದು. ಎತ್ತರ 300 ಅಡಿಗೂ ಹೆಚ್ಚು. ಹೊರಗಿನ ಠೀವಿಗಿಂತ ಒಳಗಿನ ಗುಮ್ಮಟವೇ ಸೋಜಿಗ. ನಡುವೆ ಒಂದೂ ಕಂಬವಿಲ್ಲ, ಸುಮಾರು 8,000 ಮಂದಿ ಒಟ್ಟಿಗೆ ಕೂರಬಹುದು. ಕಲ್ಲಿಗೆ ಕಲ್ಲು ಕಚ್ಚಿಕೊಳ್ಳುವಂತೆ ಕೆತ್ತಿ ಮೇಲೇರಿಸಿದ ಈ ಗುಮ್ಮಟಕ್ಕೆ ರಾಜಸ್ತಾನದ ಜೋಧಪುರದ ಕಲ್ಲು ಬಳಸಲಾಗಿದೆ. 2006ರ ಅಕ್ಟೋಬರ್‌ನಲ್ಲಿ ಗುಮ್ಮಟದ ಮೇಲಿನ ನಡುಗಲ್ಲಿನಲ್ಲಿ ಬುದ್ಧನ ಅಸ್ಥಿಧಾತುಗಳನ್ನು ಇರಿಸಲಾಯಿತು. 2009ರ ಫೆಬ್ರವರಿ 8ರಂದು ಅಂದಿನ ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಉದ್ಘಾಟಿಸಿದರು.

ಕನ್ನಡಿಗರಿಗೆ ಇಲ್ಲೊಂದು ಹೆಮ್ಮೆಯ ಮಾತಿದೆ. ಈ ಪಗೋಡ ಏಳುವವರೆಗೆ ಕಂಬವಿಲ್ಲದ ಕಲ್ಲುಗಾರೆಯ ದೊಡ್ಡ ಗುಮ್ಮಟ ಯಾವುದು ಎಂದರೆ ಹೆಸರಿಸುತ್ತಿದ್ದುದು ನಮ್ಮ ವಿಜಾಪುರದ ಗೋಲಗುಂಬಜನ್ನು. 1656ರ ಆ ಗುಮ್ಮಟದ ಒಳ ಅಡ್ಡಳತೆ ಸುಮಾರು 124 ಅಡಿ. ಗೋರಾಯಿಯದು ಅದರ ಎರಡು ಪಟ್ಟಿಗೂ ಹೆಚ್ಚು. ಅಲ್ಲಿ ಪಿಸುಗುಟ್ಟಿದರೂ ಏಳು ಸಲ ಮರುದನಿ ಕೇಳಬೇಕೆಂದು ಶಾಲಾ ಪ್ರವಾಸದ ಮಕ್ಕಳು ಕೂಗುತ್ತಾರೆ. ಇಲ್ಲಿ ಸಾವಿರಾರು ಜನ ಕೂತರೂ ಕೆಮ್ಮು ಬಿಟ್ಟು ಬೇರೇನೂ ಕೇಳುವುದಿಲ್ಲ.

ಶಿಬಿರ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ. ಹಬ್ಬವೆಂದು ನಿರೀಕ್ಷಿಸಿ ಬಂದವರಿಗೆ ಇಲ್ಲಿ ಏನೂ ಕಾಣಸಿಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೆರವಣಿಗೆ ಇಲ್ಲ, ಆರತಿ ಇಲ್ಲ, ಪ್ರಸಾದ ಇಲ್ಲ, ಗಣ್ಯರಿಗೆ ಶಾಲು ಹೊದಿಸುವುದಂತೂ ಇಲ್ಲವೇ ಇಲ್ಲ. ಪ್ರವೇಶದ್ವಾರದ ಬಳಿ ಅಮೃತಶಿಲೆಯ ದೊಡ್ಡ ಬುದ್ಧ ಮೂರ್ತಿಯಿದೆ, ಜನ ಅದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಗುಮ್ಮಟದ ಒಳಗೆ ಮೂರ್ತಿಯಿಲ್ಲ. ಹುಟ್ಟು, ಬೋಧಿ, ಪರಿನಿರ್ವಾಣ ಮೂರೂ ಇದೇ ಹುಣ್ಣಿಮೆಯಂದು ಆದವು ಎಂಬ ನಂಬಿಕೆಯಿಂದ ಬೌದ್ಧ ದೇಶಗಳು ಈ ದಿನವನ್ನು ಆಚರಿಸುತ್ತವೆ, 1999ರಲ್ಲಿ ವಿಶ್ವಸಂಸ್ಥೆಯೂ ಇದನ್ನು ಮಾನ್ಯ ಮಾಡಿದೆ. ಪಗೋಡದಲ್ಲಿ ಆಚರಣೆ ಎಂದರೆ ಕೂರುವುದು ಅಷ್ಟೇ. ಹತ್ತು ದಿನದ ಶಿಬಿರ ಮಾಡದ ಸಂದರ್ಶಕರು ಗಾಜಿನ ಆಚೆಯಿಂದ ಒಳಗಿನ ಗುಮ್ಮಟ ನೋಡಬಹುದು, ಬುದ್ಧನ ಬದುಕನ್ನು ಚಿತ್ರಿಸಿದ ನೂರಕ್ಕೂ ಹೆಚ್ಚು ವರ್ಣಚಿತ್ರಗಳ ಗ್ಯಾಲರಿ ಸುತ್ತಬಹುದು, ಬೇಕಿದ್ದರೆ ಹತ್ತು ನಿಮಿಷದ ಆನಾಪಾನ ಕಲಿಯಬಹುದು. ನಮ್ಮ ನಿವೃತ್ತ ಕೋಶಾಧಿಕಾರಿಗಳು ಆರು ವರ್ಷಗಳಲ್ಲಿ ಆ ಚಿತ್ರಗಳನ್ನು ಎಷ್ಟು ಸಲ ನೋಡಿದ್ದಾರೆಂದರೆ, ಹೊಸಬರಿಗೆ ಅವರೇ ವಿವರಣೆ ಕೊಡುತ್ತಾರೆ.

"ಚಪ್ಪಲ್ ಇಲ್ಲೇ ಬಿಡ್ರಿ ಅವ್ವಾ"

ಈ ಸಲ ಅವರ ಕಿವಿ ನಿಮಿರಿದ್ದು ಚಪ್ಪಲಿ ಬಿಡುವ ಜಾಗದಲ್ಲಿ. ಸೇವೆಗೆ ನಿಂತಿದ್ದ ಯುವಕನೊಬ್ಬ ಎಲ್ಲರಿಗೂ ಹಿಂದಿಯಲ್ಲಿ ದಾರಿ ತೋರಿಸುತ್ತಿದ್ದವನು, ದಂಪತಿ ತುಳು-ಕನ್ನಡ ಬೆರೆಸಿ ಮಾತಾಡುವುದನ್ನು ಕೇಳಿ "ಚಪ್ಪಲ್ ಇಲ್ಲೇ ಬಿಡ್ರಿ ಅವ್ವಾ, ಟೋಕನ್ ತಗೋರಿ" ಎಂದುಬಿಟ್ಟ.

"ಯಾವ ಊರು ಮಾರಾಯ ನಿಂದು?"

"ಕಲಬುರ್ಗಿ ಕಡೆ ರೀ ಕಾಕಾ. ಹುಟ್ಟಿದ್ದು ಇಲ್ಲೇ."

1972ರ ಬರಗಾಲದಲ್ಲಿ ಅವನ ಅಜ್ಜ-ಅಜ್ಜಿ ಚಿತ್ತಾಪುರ ತಾಲೂಕಿನಿಂದ ಮುಂಬಯಿಗೆ ಬಂದವರು. ಕಟ್ಟಡಗಳಿಗೆ ಕಲ್ಲು-ಮಣ್ಣು ಹೊತ್ತವರು. ಮೊಮ್ಮಗ ಐಟಿಐ ಮುಗಿಸಿ ಎಲೆಕ್ಟ್ರಿಶಿಯನ್ ಆಗಿದ್ದಾನೆ. ಎರಡು ಸಲ ಹತ್ತು ದಿನದ ಶಿಬಿರ ಮಾಡಿದ್ದಾನೆ, ಒಮ್ಮೆ ಅಡುಗೆಮನೆಯಲ್ಲಿ ಸೇವೆಯನ್ನೂ ಮಾಡಿದ್ದಾನೆ. ಪತ್ನಿ ಒಳಗೆ ಹೋದ ಮೇಲೆ ಕಾಕಾ ಎನಿಸಿಕೊಂಡವರಿಗೂ ಅವನಿಗೂ ಬಿಡುವು ಸಿಕ್ಕಾಗಲೆಲ್ಲ ಮಾತು ನಡೆಯಿತು. ತಮ್ಮ ವಸತಿಯಲ್ಲಿ ಕನ್ನಡ ಮಾತಾಡುವ ಅರುವತ್ತು-ಎಪ್ಪತ್ತು ಮನೆಗಳಿವೆ, ಅಲ್ಲೊಂದು ಸಣ್ಣ ವಿಹಾರವಿದೆ, ಬುದ್ಧ ಜಯಂತಿಯನ್ನು ತನ್ನಪ್ಪನ ಕಾಲದಿಂದ ಮಾಡುತ್ತಿದ್ದೇವೆ ಎಂದ. ಆ ವಸತಿ ಕನ್ನಡ ಸಂಘದ ಕಚೇರಿಯಿಂದ ರಿಕ್ಷಾದಲ್ಲಿ ಹತ್ತು ನಿಮಿಷದ ದಾರಿ. ಎರಡು ಅವಧಿ ಕೋಶಾಧಿಕಾರಿಯಾಗಿದ್ದವರಿಗೆ, ಸದಸ್ಯತ್ವ ಅಭಿಯಾನವೆಂದು ಉಪನಗರವಿಡೀ ಸುತ್ತಿದವರಿಗೆ, ಅಂಥದ್ದೊಂದು ವಸತಿ ಇದೆಯೆಂದೇ ಗೊತ್ತಿರಲಿಲ್ಲ.

"ನಮ್ಮ ಸಂಘಕ್ಕೆ ನೀವು ಯಾಕೆ ಬರುದಿಲ್ಲ?" ಎಂದು ಅವರು ಕೇಳಿದರು. ಯುವಕ ಕ್ಷಣ ಸುಮ್ಮನಿದ್ದು, "ನೀವು ಕರದಿಲ್ಲಲ್ರೀ" ಎಂದ. ಅದರಲ್ಲಿ ಕೋಪವಿರಲಿಲ್ಲ. "ನಾಳೆ ಹುಣ್ಣಿವಿ ಸಂಜಿಗೆ ಬರ್ರಿ" ಎಂದು ಅವನೇ ಕರೆದ.

ವಸತಿಯ ಹುಣ್ಣಿಮೆ

ಮಹಾರಾಷ್ಟ್ರದಲ್ಲಿ ಬುದ್ಧ ಪೂರ್ಣಿಮೆಗೆ ಎರಡು ಮುಖಗಳಿವೆ. ಪಗೋಡದ ಧ್ಯಾನಿಗಳು ಮತಾಂತರದ ಮಾತೆತ್ತುವುದಿಲ್ಲ. ಯಾವ ಮತದವರಾದರೂ ತಮ್ಮ ಮತದಲ್ಲೇ ಇದ್ದು ಅಭ್ಯಾಸ ಮಾಡಬಹುದು ಎನ್ನುತ್ತಾರೆ. ಇನ್ನೊಂದು ಮುಖ ಬಾಬಾಸಾಹೇಬ ಅಂಬೇಡ್ಕರರದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಅವರು ಬೌದ್ಧ ಧರ್ಮ ಸ್ವೀಕರಿಸಿದರು. ಅಂದಿನಿಂದ ಚಾಳು-ವಸತಿಗಳಲ್ಲಿ ಈ ಹುಣ್ಣಿಮೆ ಸ್ವಾಭಿಮಾನದ ಹಬ್ಬ. ಕಲಬುರಗಿ, ಬೀದರ್, ವಿಜಾಪುರ ಕಡೆಯಿಂದ ದುಡಿಯಲು ಬಂದ ಅನೇಕ ದಲಿತ ಕುಟುಂಬಗಳು ಆ ಹಾದಿ ಹಿಡಿದವು. 2009ರಲ್ಲಿ ಕಲಬುರಗಿಯಲ್ಲಿ ಬುದ್ಧ ವಿಹಾರ ಉದ್ಘಾಟನೆಯಾದಾಗ ಈ ವಸತಿಯಿಂದಲೂ ಜನ ಹೋಗಿದ್ದರು. ಅದನ್ನು ಉದ್ಘಾಟಿಸಿದ್ದೂ ಅದೇ ರಾಷ್ಟ್ರಪತಿಯವರು, ಗೋರಾಯಿಗೆ ಬರುವುದಕ್ಕೆ ಸುಮಾರು ಒಂದು ತಿಂಗಳ ಮೊದಲು.

ಸೋಮವಾರ ಸಂಜೆ ದಂಪತಿ ಹೋದಾಗ ವಸತಿಯ ಬಾಯಲ್ಲಿ ಪಂಚಶೀಲ ಧ್ವಜ, ನೀಲಿ ಬಾವುಟಗಳು. ಪಾಲಿ ಭಾಷೆಯ ತ್ರಿಶರಣ-ಪಂಚಶೀಲವನ್ನು ಮರಾಠಿ ಧಾಟಿಯಲ್ಲಿ ಹೇಳಿದರು, ಆಮೇಲೆ ಹಲಗೆ ಬಡಿತಕ್ಕೆ ಕನ್ನಡದ ಹಾಡುಗಳು. ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಜೊತೆಗೆ, ಉಪವಾಸದಿಂದ ಬಳಲಿದ್ದ ಸಿದ್ಧಾರ್ಥನಿಗೆ ಸುಜಾತೆ ಕೊಟ್ಟಳೆನ್ನುವ ಪಾಯಸದ ನೆನಪಿಗೆ ದೊಡ್ಡ ಪಾತ್ರೆಯ ತುಂಬ ಖೀರು. ಕರಾವಳಿಯವರಿಗೆ ಪುಂಡಿಪಲ್ಯದ ಹುಳಿ ಹೊಸದು. ಆದರೂ ಎರಡನೆಯ ಸಲ ಬಡಿಸಿಕೊಂಡರು ಎಂಬುದು ದಾಖಲಾಗಲಿ.

ಊಟಕ್ಕೆ ಮುಂಚೆ ಮಕ್ಕಳು ಒಂದು ಸಣ್ಣ ನಾಟಕ ಆಡಿದರು. ಕಿಸಾಗೋತಮಿಯ ಕಥೆ. ಸತ್ತ ಮಗುವನ್ನೆತ್ತಿಕೊಂಡು ಮದ್ದು ಕೇಳುತ್ತ ಬಂದ ತಾಯಿಗೆ, ಸಾವೇ ಆಗದ ಮನೆಯಿಂದ ಸಾಸಿವೆ ತಾ ಎಂದು ಬುದ್ಧ ಹೇಳುವ ಕಥೆ. ಪತಿಗೆ ಕೈಕಾಲು ಆಡದಾಯಿತು. ಎದ್ದು ಹೋಗೋಣವೇ ಎಂದು ಪತ್ನಿಯ ಕಡೆ ನೋಡಿದರು. ಆಕೆ ಅಲುಗಾಡದೆ ಕೊನೆಯವರೆಗೆ ನೋಡಿದರು. ಗೋತಮಿಯ ಪಾತ್ರದ ಹುಡುಗಿ ಸೀರೆ ಎಡವಿ ಬಿದ್ದಾಗ ಎಲ್ಲರ ಜೊತೆ ನಕ್ಕರು ಕೂಡ.

ಊಟದ ಪಂಕ್ತಿಯಲ್ಲಿ ಯುವಕನ ಅಜ್ಜಿ ಪಕ್ಕಕ್ಕೆ ಬಂದು ಕೂತು, ಊರಿನ ಹೆಂಗಸರು ಕೇಳುವಂತೆ ಕೇಳಿದರು: "ಮಕ್ಕಳೆಷ್ಟು ಮಂದಿ ಯವ್ವಾ?"

ಇಷ್ಟು ವರ್ಷ ಈ ಪ್ರಶ್ನೆ ಬಂದಾಗ ಆಕೆ ಮಾತು ತಪ್ಪಿಸುತ್ತಿದ್ದರು, ಇಲ್ಲವೇ ಪತಿ ನಡುವೆ ಬಾಯಿ ಹಾಕುತ್ತಿದ್ದರು. ಅಂದು ಅವರೇ ಹೇಳಿದರು: "ಇಬ್ಬರು. ದೊಡ್ಡವ ಈಗ ಇಲ್ಲ." ಅಜ್ಜಿ "ನನಗೂ ಒಬ್ಬವ ಹೋಗ್ಯಾನ, ಸೆಂಟ್ರಿಂಗ್ ಕೆಲಸದಾಗ" ಎಂದು, ಇನ್ನೊಂದು ಸೌಟು ಖೀರು ಬಡಿಸಲು ಸನ್ನೆ ಮಾಡಿದರು.

ಸಂಘದ ಸಭೆಯಲ್ಲಿ

ಮುಂದಿನ ಶನಿವಾರ ಸಂಘದ ಕಾರ್ಯಕಾರಿ ಸಮಿತಿಯ ಸಭೆ. ಮಾಜಿ ಕೋಶಾಧಿಕಾರಿಗಳು ಸಲಹಾ ಸಮಿತಿಯ ಸದಸ್ಯರಾಗಿ ಎದ್ದುನಿಂತು, ಮುಂದಿನ ವರ್ಷದ ಕಾರ್ಯಕ್ರಮ ಪಟ್ಟಿಯಲ್ಲಿ ಬುದ್ಧ ಪೂರ್ಣಿಮೆಯನ್ನೂ ಸೇರಿಸಬೇಕು, ಅದನ್ನು ಆ ವಸತಿಯವರೊಡನೆ ಮಾಡಬೇಕು ಎಂದರು. ಸಭೆ ಒಮ್ಮೆಲೇ ಎರಡಾಯಿತು. ಸಂಘವೆಂದರೆ ಭಾಷೆಯ ಕೆಲಸ, ಧರ್ಮ ಯಾಕೆ ಎಂದರು ಒಬ್ಬರು. ಇದೇ ಸಂಘದಲ್ಲಿ ಬಸವ ಜಯಂತಿ, ಕೃಷ್ಣಾಷ್ಟಮಿ, ಶಾರದಾ ಪೂಜೆ, ವರ್ಷಕ್ಕೊಮ್ಮೆ ಶನೀಶ್ವರ ಪೂಜೆ ಎಲ್ಲವೂ ನಡೆಯುವುದನ್ನು ಅವರು ಮರೆತಂತಿತ್ತು. ಇನ್ನೊಬ್ಬರು ಖರ್ಚಿನ ಮಾತೆತ್ತಿದರು. ಮತ್ತೊಬ್ಬರು ಸಣ್ಣ ದನಿಯಲ್ಲಿ, "ಅದು ಅವರ ಹಬ್ಬ ಅಲ್ವಾ, ನಾವು ಯಾಕೆ ನುಗ್ಗುದು?" ಎಂದರು. ಸಭೆಯ ನಿಜವಾದ ಅಡ್ಡಿ ಯಾವುದು ಎಂಬುದು ಆ ಸಣ್ಣ ದನಿಯಲ್ಲಿ ಎಲ್ಲರಿಗೂ ಕೇಳಿಸಿತು.

ರಾತ್ರಿ ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತರಾದ ಹಿರಿಯರೊಬ್ಬರು ಆಗ ಮಾತಿಗೆ ತೊಡಗಿದರು. ಅವರ ಮಾತು ಮಂಗಳೂರಿನ ಕದ್ರಿಯಿಂದ ಆರಂಭವಾಯಿತು. ಮಂಜುನಾಥ ದೇವಸ್ಥಾನದಲ್ಲಿ ನಾವೆಲ್ಲ ಕೈಮುಗಿಯುವ ಮೂರು ಮುಖ, ಆರು ಕೈಗಳ ಕಂಚಿನ ಲೋಕೇಶ್ವರನ ಪೀಠದ ಮೇಲೆ ಶಾಸನವಿದೆ. ಆಳುಪ ದೊರೆ ಕುಂದವರ್ಮ ಕ್ರಿ.ಶ. 968ರಲ್ಲಿ ಕದರಿಕಾ ಎಂಬ ವಿಹಾರದಲ್ಲಿ ಅದನ್ನು ಸ್ಥಾಪಿಸಿದ ಎಂಬುದು ಅದರ ಒಕ್ಕಣೆ. ಅದು ಬೋಧಿಸತ್ವನ ಮೂರ್ತಿಯೆಂದು ವಿದ್ವಾಂಸರು ಬರೆದಿದ್ದಾರೆ. ಮಂಜೇಶ್ವರದ ಗೋವಿಂದ ಪೈಗಳು ಬುದ್ಧನ ಕೊನೆಯ ದಿನಗಳ ಮೇಲೆ ರಚಿಸಿದ ಖಂಡಕಾವ್ಯಕ್ಕೆ 'ವೈಶಾಖಿ' ಎಂದು ಇದೇ ಹುಣ್ಣಿಮೆಯ ಹೆಸರಿಟ್ಟರು. ಅಶೋಕ ಎಂಬ ಹೆಸರನ್ನು ಸ್ಪಷ್ಟವಾಗಿ ಹೇಳಿ 'ದೇವಾನಾಂಪ್ರಿಯ' ಯಾರೆಂಬ ಗೊಂದಲ ಬಿಡಿಸಿದ ಶಾಸನ 1915ರಲ್ಲಿ ಸಿಕ್ಕಿದ್ದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. 'ರಾಯೋ ಅಸೋಕೋ' ಎಂದು ಕೆಳಗೆ ಬರೆದಿರುವ ಅಶೋಕನ ಶಿಲ್ಪ ದೊರೆತದ್ದು ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ. ಅದು ಆ ವಸತಿಯವರ ಚಿತ್ತಾಪುರ ತಾಲೂಕಿನದೇ ಊರು.

ಆಮೇಲೆ ಅವರು ಹೇಳಿದ ಸಂಗತಿ ಸಭೆಯನ್ನು ಸ್ವಲ್ಪ ಹೊತ್ತು ಸುಮ್ಮನಾಗಿಸಿತು. ಮುಂಬಯಿ-ಪುಣೆ ದಾರಿಯಲ್ಲಿ ಲೋಣಾವಳದ ಬಳಿ ಕಾರ್ಲಾ ಗುಹೆಗಳಿಗೆ ನಮ್ಮ ಸಂಘಗಳ ಪಿಕ್ನಿಕ್ ಬಸ್ಸುಗಳು ಎಷ್ಟು ಸಲ ಹೋಗಿಲ್ಲ! ಸುಮಾರು ಎರಡು ಸಾವಿರ ವರ್ಷ ಹಿಂದಿನ ಆ ದೊಡ್ಡ ಚೈತ್ಯಗೃಹದ ಮುಂಭಾಗದಲ್ಲಿ ಬ್ರಾಹ್ಮಿ ಲಿಪಿಯ ಒಂದು ಸಾಲಿದೆ. ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲಾಮನೆಯನ್ನು ವೈಜಯಂತಿಯ ಶೆಟ್ಟಿ ಭೂತಪಾಲ ಪೂರ್ಣಗೊಳಿಸಿದ ಎಂಬುದು ಅದರ ತಾತ್ಪರ್ಯ. ಶಾಸನದ ಪ್ರಾಕೃತದಲ್ಲಿ 'ಸೇಠಿ', ಅಂದರೆ ವರ್ತಕ. ವೈಜಯಂತಿ ಎಂದರೆ ನಮ್ಮ ಬನವಾಸಿ ಎಂದೇ ವಿದ್ವಾಂಸರು ಗುರುತಿಸಿದ್ದಾರೆ. ಬನವಾಸಿಯಿಂದ ಇಲ್ಲಿಗೆ ಬಂದು, ದುಡಿದು, ದುಡಿದದ್ದರಲ್ಲಿ ಕಲ್ಲು ಕೊರೆಸಿದ ವರ್ತಕನನ್ನು ನಾವು ಹೊರನಾಡ ಕನ್ನಡಿಗ ಎನ್ನದೆ ಇನ್ನೇನೆನ್ನಬೇಕು ಎಂದು ಮೇಷ್ಟ್ರು ಕೇಳಿದರು. ಆ ಕಾಲಕ್ಕೆ 'ಕನ್ನಡಿಗ' ಎಂಬ ಮಾತನ್ನು ಹಚ್ಚುವುದು ಇತಿಹಾಸಕಾರರಿಗೆ ಒಪ್ಪಿಗೆಯಾಗಲಿಕ್ಕಿಲ್ಲ. ಆದರೆ ಮೇಷ್ಟ್ರ ಪ್ರಶ್ನೆಗೆ ಅಂದು ಯಾರೂ ಎದುರು ಹೇಳಲಿಲ್ಲ.

ಠರಾವು ಮಾತ್ರ ಆಗಲಿಲ್ಲ. ವಿಷಯವನ್ನು ವಾರ್ಷಿಕ ಮಹಾಸಭೆಗೆ ಬಿಡೋಣ ಎಂದು ಅಧ್ಯಕ್ಷರು ತೀರ್ಮಾನ ಹೇಳಿದರು. ಮುಂದೂಡುವ ಕಲೆಯಲ್ಲಿ ನಮ್ಮ ಸಂಘಗಳು ಯಾರಿಗೂ ಕಡಿಮೆಯಲ್ಲ. ಅಷ್ಟರೊಳಗೆ ಒಂದು ಕೆಲಸ ನಡೆಯಿತು: ಮೇಷ್ಟ್ರು ಮತ್ತು ಮಾಜಿ ಕೋಶಾಧಿಕಾರಿಗಳು ಸದಸ್ಯತ್ವದ ಅರ್ಜಿಗಳ ಒಂದು ಕಟ್ಟನ್ನು ಹಿಡಿದುಕೊಂಡು ವಸತಿಗೆ ಹೋದರು. ಹನ್ನೊಂದು ಅರ್ಜಿಗಳು ತುಂಬಿ ಬಂದವು. ಆಜೀವ ಸದಸ್ಯತ್ವದ ಹಣವನ್ನು ಮೂರು ಕಂತಿನಲ್ಲಿ ಕೊಡಬಹುದೇ ಎಂದು ಅಜ್ಜಿ ಕೇಳಿದ್ದಾರೆ. ಸಮಿತಿ ಅದಕ್ಕೆ ಉತ್ತರ ಕೊಡಬೇಕಾಗಿದೆ.

ಶಿಬಿರಕ್ಕೆ ಹೋಗಬಯಸುವ ಓದುಗರಿಗೆ ದೂರ ಹುಡುಕಬೇಕಾಗಿಲ್ಲ. ಗೋರಾಯಿಯ ಆವರಣದಲ್ಲೇ ಧಮ್ಮಪಟ್ಟನ, ನವಿ ಮುಂಬಯಿಯ ಬೇಲಾಪುರದಲ್ಲಿ ಧಮ್ಮವಿಪುಲ, ಪುಣೆಯಲ್ಲಿ ಧಮ್ಮಪುಣ್ಣ, ಹೈದರಾಬಾದಿನಲ್ಲಿ ಧಮ್ಮಖೇತ್ತ, ಚೆನ್ನೈಯಲ್ಲಿ ಧಮ್ಮಸೇತು, ದಿಲ್ಲಿಯವರಿಗೆ ಹರಿಯಾಣದ ಸೋಹ್ನಾ ಬಳಿ ಧಮ್ಮಸೋತ, ಬೆಂಗಳೂರಿನ ಹೊರವಲಯದ ಆಲೂರಿನಲ್ಲಿ ಧಮ್ಮಪಫುಲ್ಲ ಇವೆ. ಅರ್ಜಿ ಮೊದಲೇ ಹಾಕಬೇಕು. ನಿಯಮಾವಳಿಯನ್ನು ಓದಿಯೇ ಸಹಿ ಮಾಡಬೇಕು, ಮಧ್ಯದಲ್ಲಿ ಎದ್ದು ಬರುವುದನ್ನು ಅವರು ಇಷ್ಟಪಡುವುದಿಲ್ಲ. ಧ್ಯಾನ ಬೇಡ, ನೋಡಿದರ ಸಾಕು ಎನ್ನುವವರು ಗೋರಾಯಿ ಜೆಟ್ಟಿ ಅಥವಾ ಮಲಾಡಿನ ಮಾರ್ವೆಯಿಂದ ಲಾಂಚಿನಲ್ಲಿ ಹೋಗಬಹುದು. ಭಾಯಂದರ್ ಕಡೆಯಿಂದ ಉತ್ತನ್ ಮೂಲಕ ರಸ್ತೆಯೂ ಇದೆ. ಬೊರಿವಲಿಯವರು ಅದೇ ದಿನ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿಯ ನೂರಕ್ಕೂ ಹೆಚ್ಚು ಗುಹೆಗಳನ್ನು ಕೂಡ ನೋಡಿಬರಬೇಕೆಂದರೆ ಬೆಳಿಗ್ಗೆ ಬೇಗನೆ ಹೊರಡಬೇಕು, ಬಿಸಿಲು ಬಿಡುವುದಿಲ್ಲ.

ಇನ್ನು ಆರು ವರ್ಷ ಗಾಜಿನ ಹೊರಗೇ ಕೂತ ನಮ್ಮ ಮಾಜಿ ಕೋಶಾಧಿಕಾರಿಗಳು. ಅವರೂ ಒಂದು ಅರ್ಜಿ ತುಂಬಿದ್ದಾರೆಂದು ಪತ್ನಿಯೇ ಬಾಯಿಬಿಟ್ಟರು. ಕೇಂದ್ರ ಇಗತಪುರಿಯಲ್ಲ, ಬೇಲಾಪುರ. ರಾತ್ರಿ ರೈಲಿನ ಸದ್ದಿರುವ ಕಡೆ ತನ್ನಿಂದ ಆಗದು ಎಂದು ಅವರೇ ಹೇಳಿದರಂತೆ. ಆರು ವರ್ಷದಲ್ಲಿ ಮಗನ ಬಗ್ಗೆ ಅವರು ಮನೆಯಲ್ಲಿ ಬಾಯ್ದೆರೆದು ಆಡಿದ ಮೊದಲ ಮಾತು ಅದು. ದಿನಾಂಕ ಇನ್ನೂ ಬಂದಿಲ್ಲ. ಬಂಗುಡೆ-ಬೂತಾಯಿ ಸಿಗದ ಮಳೆಗಾಲದ ತಿಂಗಳುಗಳಲ್ಲೇ ಬರಲಿ ಎಂಬುದು ಅವರ ಪ್ರಾರ್ಥನೆ.